ಮಂಗನದ್ದಲ್ಲದ ಕಾಯಿಲೆ

ಬೆಳ್ತಂಗಡಿ ತಾಲೂಕಿನ ಕಾಡಂಚಿನಲ್ಲಿ ನನ್ನ ದೊಡ್ಡಮ್ಮನ ಮನೆ. ಅದರ ಜಗಲಿಯ ಗೋಡೆಗೆ ಒಂದು ಕರಪತ್ರ ಅಂಟಿಸಿದ್ದಾರೆ. ಯಾರೋ ಮನೆಮನೆಗೆ ಬಂದು ಕೊಟ್ಟು ಹೋದದ್ದು. ಮಂಗನ ಕಾಯಿಲೆಯ ಬಗ್ಗೆ ಎಚ್ಚರಿಕೆ. ಅರ್ಧ ಪುಟ ತುಂಬ ಮಂಗನ ಚಿತ್ರ, ಅದರ ಮೇಲೆ ಕೆಂಪು ಗೆರೆ. ಕೆಳಗೆ ಸಣ್ಣ ಅಕ್ಷರದಲ್ಲಿ ಏಳೆಂಟು ಸಾಲು. ‘ಉಣ್ಣೆ’ ಎಂಬ ಶಬ್ದ ಮೊದಲ ಸಲ ಬರುವುದು ಐದನೇ ಸಾಲಿನಲ್ಲಿ. ದೊಡ್ಡಮ್ಮನಿಗೆ ಕನ್ನಡಕ ಹಾಕಿದರೂ ಆ ಅಕ್ಷರ ಕಾಣುವುದಿಲ್ಲ. ಮಂಗ ಚೆನ್ನಾಗಿ ಕಾಣುತ್ತದೆ.

ಹಾಗಾಗಿ ಅವರು ಮಾಡುವುದು ಇಷ್ಟು. ತೋಟಕ್ಕೆ ಮಂಗ ಬಂದರೆ ಕಲ್ಲು ಬಿಸಾಡಿ ಓಡಿಸುತ್ತಾರೆ. ಆಮೇಲೆ ಬುಟ್ಟಿ ಹಿಡಿದುಕೊಂಡು ಬರಿಗಾಲಲ್ಲಿ ಕುಮ್ಕಿಗೆ ಹೋಗಿ, ಒಣಗಿದ ಎಲೆಯ ಮೇಲೆಯೇ ಕೂತು, ಹಟ್ಟಿಗೆ ಬೇಕಾದಷ್ಟು ತರಗೆಲೆ ತುಂಬಿಸಿಕೊಂಡು ಬರುತ್ತಾರೆ.

“ದೊಡ್ಡಮ್ಮ, ಆ ಎಲೆ ರಾಶಿಯಲ್ಲಿ ಕೂರಬೇಡಿ” ಅಂದೆ.

“ಯಾಕೆ ಮಗಾ, ಅಲ್ಲಿ ಮಂಗ ಉಂಟಾ?”

ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಯಾವ ಭಾಷೆಯಲ್ಲಾದರೂ ಆ ಪ್ರಶ್ನೆಗೆ ನನ್ನಲ್ಲಿ ತಟ್ಟನೆ ಉತ್ತರ ಇರಲಿಲ್ಲ. ಅವರು ತಮಾಷೆಗೆ ಕೇಳಿದ್ದಲ್ಲ. ನನ್ನ ದೊಡ್ಡಪ್ಪ ತೀರಿಕೊಂಡದ್ದು 1983ರಲ್ಲಿ, ಅದೇ ಜ್ವರದಲ್ಲಿ. ನಾನಾಗ ಹುಟ್ಟಿರಲಿಲ್ಲ. ದೊಡ್ಡಮ್ಮ ಸಣ್ಣ ಮಗುವನ್ನು ಕಟ್ಟಿಕೊಂಡು ನಲವತ್ತು ವರ್ಷ ಆ ಮನೆ ನಡೆಸಿದವರು. ಯಾರು ತನ್ನ ಗಂಡನನ್ನು ಕೊಂದದ್ದು ಎಂದು ಅವರಿಗೆ ಒಂದು ಹೆಸರು ಹೇಳಿಕೊಟ್ಟಿದ್ದಾರೆ. ಆ ಹೆಸರು ಮಂಗ.

ನಮ್ಮಲ್ಲಿ ಕತೆ, ಕಾದಂಬರಿ, ಸಿನಿಮಾಗಳಿಗೆ ವಿಮರ್ಶೆ ಬರೆಯುತ್ತಾರೆ. ಕರಪತ್ರಕ್ಕೆ, ಪಠ್ಯಪುಸ್ತಕದ ಒಂದು ಸಾಲಿಗೆ, ಒಂದು ರೋಗದ ಹೆಸರಿಗೆ ಯಾರೂ ಬರೆಯುವುದಿಲ್ಲ. ಕಾದಂಬರಿ ಕೆಟ್ಟದಾಗಿದ್ದರೆ ನಾಲ್ಕು ಗಂಟೆ ಹಾಳಾಗಬಹುದು, ಅಷ್ಟೇ. ಕರಪತ್ರ ಕೆಟ್ಟದಾಗಿದ್ದರೆ ಒಬ್ಬರು ಹೋಗಿ ತರಗೆಲೆಯ ಮೇಲೆ ಕೂರುತ್ತಾರೆ. ಆದ್ದರಿಂದ ವೈರಸ್ಸನ್ನು ನಾವು ಕನ್ನಡದಲ್ಲಿ ಹೇಗೆ ಹೇಳುತ್ತಿದ್ದೇವೆ ಎಂಬುದಕ್ಕೆ ಇದೊಂದು ವಿಮರ್ಶೆ. ತಪ್ಪಿತಸ್ಥರಲ್ಲಿ ನಾನೂ ಒಬ್ಬ. ಅದು ಮುಂದೆ ಬರುತ್ತದೆ.

ಮೊದಲು ಹೆಸರು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಅದರ ಬೆನ್ನಿಗೆ ಸುತ್ತಲಿನ ಹಳ್ಳಿಯ ಜನ ಜ್ವರ ಬಂದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಮೊದಲು ಹಳದಿ ಜ್ವರವೇ ಇರಬಹುದೆಂದು ಅನುಮಾನಿಸಿ, ಕೊನೆಗೆ ಇದು ಹೊಸ ವೈರಸ್ ಎಂದು ಕಂಡುಕೊಂಡರು. ವಿಜ್ಞಾನಿಗಳು ಅದಕ್ಕೆ ಕಾಡಿನ ಹೆಸರಿಟ್ಟರು: ಕ್ಯಾಸನೂರು ಅರಣ್ಯ ರೋಗ. ಜನರ ಬಾಯಲ್ಲಿ ಅದು ಮಂಗನ ಕಾಯಿಲೆಯಾಯಿತು.

ಜನರನ್ನು ದೂರುವಂತಿಲ್ಲ. ಕಣ್ಣಿಗೆ ಕಂಡದ್ದು ಸತ್ತ ಮಂಗವೇ. ಆದರೆ ವೈರಸ್ಸನ್ನು ಹೊತ್ತು ತಿರುಗುವುದು ಉಣ್ಣೆ. ಉಣುಗು ಅಂತಲೂ ಹೇಳುತ್ತಾರಲ್ಲ, ದನದ ಮೈಗೆ ಕಚ್ಚಿಕೊಳ್ಳುವ ಆ ಹುಳ. ಕಾಡಿನ ಇಲಿ, ಸುಂಡಿಲಿಗಳಲ್ಲಿ ಮತ್ತು ಉಣ್ಣೆಗಳಲ್ಲಿ ವೈರಸ್ ಸದ್ದಿಲ್ಲದೆ ಓಡಾಡಿಕೊಂಡಿರುತ್ತದೆ. ಮಳೆಗಾಲ ಮುಗಿದ ಮೇಲೆ ಹುಟ್ಟಿದ ಮರಿ ಉಣ್ಣೆಗಳು ಮುಂದಿನ ಹಂತಕ್ಕೆ ಬೆಳೆದು, ಡಿಸೆಂಬರಿನಿಂದ ಮೇ ತನಕ ತರಗೆಲೆ, ಪೊದೆಗಳಲ್ಲಿ ರಕ್ತಕ್ಕಾಗಿ ಕಾಯುತ್ತವೆ. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಆ ಹಂತದವು. ಕಣ್ಣಿಗೆ ಬೀಳದಷ್ಟು ಚಿಕ್ಕವು. ಕಪ್ಪು ಮುಖದ ಮುಸುವಕ್ಕೂ ಕೆಂಪು ಮಂಗಕ್ಕೂ ಅವೇ ಕಚ್ಚುತ್ತವೆ. ಮಂಗ ನಮಗಿಂತ ಬೇಗ ಸಾಯುತ್ತದೆ. ಅಂದರೆ ಈ ಕತೆಯಲ್ಲಿ ಮಂಗ ನಮ್ಮ ಹಾಗೆಯೇ ಪೆಟ್ಟು ತಿಂದದ್ದು. ಒಂದು ವ್ಯತ್ಯಾಸ: ಮಂಗ ಸತ್ತ ಮೇಲೆ ಅದರ ಮೈಯಲ್ಲಿದ್ದ ಉಣ್ಣೆಗಳು ಕೆಳಗೆ ಉದುರುತ್ತವೆ, ಆ ಜಾಗ ಅಪಾಯದ ಜಾಗವಾಗುತ್ತದೆ. ಕಾಡಿನಲ್ಲಿ ಮಂಗ ಸತ್ತಿದೆ ಎಂದರೆ ಕಾಡು ನಮಗೆ ಮೊದಲೇ ಸುದ್ದಿ ಮುಟ್ಟಿಸಿದೆ ಎಂದರ್ಥ. ಸುದ್ದಿ ತಂದವನಿಗೆ ನಾವು ಕಲ್ಲು ಹೊಡೆಯುತ್ತಿದ್ದೇವೆ.

ಎರಡನೆಯದು ‘ವೈರಾಣು’ ಎಂಬ ಶಬ್ದ. ಇಂಗ್ಲಿಷಿನ ಸದ್ದನ್ನು ಉಳಿಸಿಕೊಂಡು ಕನ್ನಡದ ಅರ್ಥವನ್ನೂ ತಂದಿದೆ ಎಂದು ಮೆಚ್ಚಬಹುದಾದ ಜಾಣ ಶಬ್ದ. ಆದರೆ ಆ ಅರ್ಥವೇ ತೊಂದರೆ. ಕೇಳಿದ ಕೂಡಲೇ ವೈರ, ವೈರಿ ಎಂದು ಕಿವಿಗೆ ಬೀಳುತ್ತದೆ. ಅಲ್ಲಿಂದ ‘ದಾಳಿ’, ‘ಸಮರ’, ‘ಹೆಮ್ಮಾರಿ’ ಎಲ್ಲ ಸಾಲಾಗಿ ಬರುತ್ತವೆ. ಕೊರೊನಾ ಕಾಲದ ಟಿವಿ ನೆನಪಿಸಿಕೊಳ್ಳಿ. ವೈರಿ ಅಂದ ಮೇಲೆ ಅವನಿಗೊಂದು ಮುಖ ಬೇಕು. ಕಣ್ಣಿಗೆ ಕಾಣದ್ದಕ್ಕೆ ಮುಖ ಎಲ್ಲಿಂದ ತರುವುದು? ಹತ್ತಿರ ಯಾರಿದ್ದಾರೋ ಅವರ ಮುಖ ಅಂಟಿಸುತ್ತೇವೆ. ಆಗ ಜ್ವರ ಬಂದ ಮನೆಯವರ ಮುಖ, ಇಲ್ಲಿ ಮಂಗನ ಮುಖ.

ಈ ವೈರಸ್ಸಿಗೆ ನಮ್ಮ ಮೇಲೆ ಯಾವ ವೈರವೂ ಇಲ್ಲ ಎನ್ನುವುದಕ್ಕೆ ಗಟ್ಟಿ ಸಾಕ್ಷಿಯೇ ಇದೆ. ಮಂಗನ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ನಮ್ಮ ಮೈಗೆ ಬಂದ ವೈರಸ್ಸಿಗೆ ಅದು ಕೊನೆಯ ಸ್ಟಾಪು, ಅಲ್ಲಿಂದ ಮುಂದೆ ಬಸ್ಸಿಲ್ಲ. ದೊಡ್ಡಪ್ಪನನ್ನು ಕೊಂದು ಅದು ಪಡೆದದ್ದು ಏನೂ ಇಲ್ಲ. ಅವರ ಜೊತೆ ಅದೂ ಮುಗಿಯಿತು. ಇದು ಸಮಾಧಾನದ ಮಾತಲ್ಲ, ಗೊತ್ತು. ಆದರೆ ನಿಜ.

ಹಾಗಾದರೆ ವೈರಸ್ ಅಂದರೆ ಎಂತ? ಮೂಡುಬಿದಿರೆಯಲ್ಲಿ ಪಿಯುಸಿ ಓದುವಾಗ ನಾವು ಬಾಯಿಪಾಠ ಮಾಡಿದ ಸಾಲು: ಸಜೀವ ಮತ್ತು ನಿರ್ಜೀವಗಳ ನಡುವಿನ ಕೊಂಡಿ. ಬರೆದರೆ ಅಂಕ ಸಿಗುತ್ತಿತ್ತು. ಸಾಲು ಸುಳ್ಳಲ್ಲ, ಆದರೆ ಏನನ್ನೂ ಹೇಳುವುದಿಲ್ಲ. ಅದು ಏನು ಮಾಡುತ್ತದೆ ಎಂದು ಹೇಳದೆ ಯಾವ ಪೆಟ್ಟಿಗೆಗೆ ಹಾಕಬೇಕು ಎಂದಷ್ಟೇ ಹೇಳುತ್ತದೆ. ಈ ಗೊಂದಲ ಹಳೆಯದು. 1935ರಲ್ಲಿ ಅಮೆರಿಕದ ವೆಂಡೆಲ್ ಸ್ಟಾನ್ಲಿ ಹೊಗೆಸೊಪ್ಪಿನ ಗಿಡಕ್ಕೆ ಬರುವ ವೈರಸ್ಸನ್ನು ಕಲ್ಲುಸಕ್ಕರೆಯ ಹಾಗೆ ಹರಳುಗಟ್ಟಿಸಿದರು. ಆ ಹರಳನ್ನು ಕರಗಿಸಿ ಗಿಡಕ್ಕೆ ಹಚ್ಚಿದರೆ ಮತ್ತೆ ರೋಗ. ಹರಳಾಗಿ ಕೂರುವ ವಸ್ತುವಿಗೆ ಜೀವ ಇದೆ ಅನ್ನುವುದೋ ಇಲ್ಲ ಅನ್ನುವುದೋ?

ಈಗ ನನ್ನ ತಪ್ಪು. ಬೆಂಗಳೂರಿನ ಆಫೀಸಿನಲ್ಲಿ, ಮನೆಯ ಮಕ್ಕಳಿಗೆ, ಕೊನೆಗೆ ದೊಡ್ಡಮ್ಮನಿಗೂ ನಾನು ಕೊಟ್ಟ ಉದಾಹರಣೆ ಕಂಪ್ಯೂಟರ್ ವೈರಸ್ಸಿನದು. ಫೋನಿಗೆ ವೈರಸ್ ಬರುತ್ತದಲ್ಲ, ಹಾಗೆ. ಕಾಕತಾಳೀಯ ನೋಡಿ: ಬೆಳ್ತಂಗಡಿಯಲ್ಲಿ ಜನ ಜ್ವರದಿಂದ ಸಾಯುತ್ತಿದ್ದ ಅದೇ 1983ರ ನವೆಂಬರಿನಲ್ಲಿ ಅಮೆರಿಕದಲ್ಲಿ ಫ್ರೆಡ್ ಕೋಹೆನ್ ಎಂಬ ವಿದ್ಯಾರ್ಥಿ, ತನ್ನನ್ನು ತಾನೇ ಬೇರೆ ಪ್ರೋಗ್ರಾಂಗಳಿಗೆ ನಕಲು ಮಾಡಿಕೊಳ್ಳುವ ಒಂದು ಪ್ರೋಗ್ರಾಂ ತೋರಿಸಿದ. ಅದಕ್ಕೆ ವೈರಸ್ ಎಂಬ ಹೆಸರು ಸೂಚಿಸಿದ್ದು ಅವನ ಗುರು ಲೆನ್ ಅಡ್ಲ್‌ಮನ್. ಜೀವಶಾಸ್ತ್ರದಿಂದ ನಾವು ಕಡ ತಂದ ಶಬ್ದ ಅದು. ನಲವತ್ತು ವರ್ಷ ಕಳೆಯುವಷ್ಟರಲ್ಲಿ ಕಡ ಕೊಟ್ಟವರಿಗೇ ನಾವು ಪಾಠ ಮಾಡುತ್ತಿದ್ದೇವೆ.

ಹೋಲಿಕೆಯಲ್ಲಿ ಒಂದು ಅಂಶ ಸರಿ ಇದೆ: ಎರಡಕ್ಕೂ ಸ್ವಂತ ಯಂತ್ರ ಇಲ್ಲ, ಬೇರೆಯವರ ಯಂತ್ರದಲ್ಲಿ ಓಡಬೇಕು. ಉಳಿದದ್ದು ದಾರಿ ತಪ್ಪಿಸುತ್ತದೆ. ಕಂಪ್ಯೂಟರ್ ವೈರಸ್ಸನ್ನು ಯಾರೋ ಕೂತು, ಉದ್ದೇಶ ಇಟ್ಟುಕೊಂಡು ಬರೆದಿರುತ್ತಾರೆ. ಇದನ್ನು ಯಾರೂ ಬರೆದಿಲ್ಲ. ಅಲ್ಲಿ ಕಾಪಿ ಮಾಡಿದರೆ ಅಕ್ಷರಕ್ಕೆ ಅಕ್ಷರ ಸರಿ ಇರುತ್ತದೆ, ಇಲ್ಲಿ ತಪ್ಪುತ್ತಲೇ ಇರುತ್ತದೆ, ಆ ತಪ್ಪುಗಳೇ ಮುಂದಿನ ಕತೆ. ಎಲ್ಲಕ್ಕಿಂತ ದೊಡ್ಡದು, ಅಲ್ಲಿ ಸ್ಕ್ಯಾನ್ ಮಾಡಿ ಅಳಿಸಬಹುದು, ಆಗದಿದ್ದರೆ ಫಾರ್ಮ್ಯಾಟ್. ದೊಡ್ಡಮ್ಮ ಕೇಳಿದ್ದೂ ಅದನ್ನೇ: “ಫೋನಿನ ಅಂಗಡಿಯವ ಇನ್ನೂರು ರೂಪಾಯಿ ತೆಗೊಂಡು ಸರಿ ಮಾಡಿ ಕೊಟ್ಟ. ಇದಕ್ಕೆ ಯಾಕೆ ಮದ್ದಿಲ್ಲ?”

ಉತ್ತರ ಹುಡುಕುವಾಗ ನನಗೆ ಸಿಕ್ಕಿದ್ದು ಮೂಡುಬಿದಿರೆಯೇ, ಆದರೆ ಕಾಲೇಜಲ್ಲ, ಬಸದಿ. ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಧವಲ, ಜಯಧವಲ, ಮಹಾಧವಲ ಎಂಬ ಜೈನ ಗ್ರಂಥಗಳ ತಾಳೆಗರಿ ಪ್ರತಿಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದರು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡ. 19ನೇ ಶತಮಾನದ ಕೊನೆಗೆ ಅವನ್ನು ಪ್ರತಿ ಮಾಡುವ ಕೆಲಸ ಶುರುವಾಗಿ ದಶಕಗಳ ಕಾಲ ನಡೆಯಿತು. ಧವಲದ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಪೂಜೆಗೆ ಸಲ್ಲುವ ಗ್ರಂಥವನ್ನು ನಾನು ರೋಗಕ್ಕೆ ಹೋಲಿಸುತ್ತಿಲ್ಲ. ಪ್ರತಿ ಮಾಡುವುದು ಎಂಬ ಕೆಲಸವನ್ನು ಮಾತ್ರ ನೋಡಿ.

ತಾಳೆಗರಿಯ ಕಟ್ಟು ಪೆಟ್ಟಿಗೆಯೊಳಗೆ ಇದ್ದರೆ ಇದ್ದ ಹಾಗೆಯೇ ಇರುತ್ತದೆ. ಉಣ್ಣುವುದಿಲ್ಲ, ಉಸಿರಾಡುವುದಿಲ್ಲ, ಬೆಳೆಯುವುದಿಲ್ಲ. ಎರಡು ಮರದ ಹಲಗೆ, ನಡುವೆ ಬರಹ. ಅದು ಎರಡಾಗಬೇಕಾದರೆ ಲಿಪಿಕಾರ ಬೇಕು. ಅವನ ಕಣ್ಣು, ಅವನ ಕೈ, ಅವನ ಕಂಠ, ಅವನ ಹೊಸ ಗರಿ. ವೈರಸ್ ಎಂಬುದು ಇಂಥ ಒಂದು ಕಟ್ಟು. ಹೊರಗೆ ಪ್ರೋಟೀನಿನ ಹಲಗೆ, ಕೆಲವಕ್ಕೆ ಅದರ ಮೇಲೆ ಕೊಬ್ಬಿನ ಬಟ್ಟೆ, ಒಳಗೆ ಬರಹ. ಕ್ಯಾಸನೂರಿನದ್ದರ ಬರಹ ಆರ್‌ಎನ್‌ಎ ಎಂಬ ಒಂದೇ ಎಳೆ. ನಾಲ್ಕೇ ಬಗೆಯ ಅಕ್ಷರ, ಒಟ್ಟು ಸುಮಾರು 11,000. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಮೂರು ಕೆಬಿಗೂ ಕಡಿಮೆ. ಕಟ್ಟಿನ ಗಾತ್ರ ಎಷ್ಟೆಂದರೆ ಸಾಲಾಗಿ ಇಟ್ಟರೆ ಒಂದು ಮಿಲಿಮೀಟರಿಗೆ 20,000 ಹಿಡಿಸಬಹುದು.

ಉಣ್ಣೆಯ ಜೊಲ್ಲಿನ ಜೊತೆ ಚರ್ಮದೊಳಗೆ ಇಳಿದ ಈ ಕಟ್ಟು ಒಂದು ಜೀವಕೋಶದ ಹೊರಮೈಗೆ ತಾಗುತ್ತದೆ. ಕೋಶ ದಿನಾ ಹೊರಗಿನಿಂದ ಬೇಕಾದ್ದನ್ನು ಚೀಲ ಮಾಡಿ ಒಳಗೆ ಎಳೆದುಕೊಳ್ಳುತ್ತಿರುತ್ತದೆ, ಇದನ್ನೂ ಹಾಗೆಯೇ ಎಳೆದುಕೊಳ್ಳುತ್ತದೆ. ಚೀಲದೊಳಗೆ ಹುಳಿ ಏರುತ್ತದೆ. ಹುಳಿ ತಾಗಿದ್ದೇ ಕಟ್ಟಿನ ಹೊರ ಪ್ರೋಟೀನು ಆಕಾರ ಬದಲಿಸಿ, ಚೀಲದ ಪೊರೆಗೆ ಬೆಸೆದುಕೊಂಡು, ಬರಹ ಕೋಶದೊಳಗೆ ಜಾರಿ ಬೀಳುತ್ತದೆ. ಅಲ್ಲಿಗೆ ಬಂದ ಕಟ್ಟು ಬಿಚ್ಚಿಹೋಯಿತು. ಇದು ಮುಖ್ಯ: ಬ್ಯಾಕ್ಟೀರಿಯಾದ ಹಾಗೆ ಒಂದು ಒಡೆದು ಎರಡಾಗುವುದಲ್ಲ. ವೈರಸ್ ಮೊದಲು ಇಲ್ಲವಾಗುತ್ತದೆ, ಬರಹ ಮಾತ್ರ ಉಳಿಯುತ್ತದೆ.

ಕೋಶದಲ್ಲಿ ರೈಬೋಸೋಮ್ ಎಂಬ ಲಿಪಿಕಾರರು ಲಕ್ಷಗಟ್ಟಲೆ ಇದ್ದಾರೆ. ಯಾವ ಆರ್‌ಎನ್‌ಎ ಸಿಕ್ಕಿದರೂ ಓದಿ ಪ್ರೋಟೀನು ಮಾಡುವುದು ಅವರ ಕೆಲಸ. ಯಾರ ಬರಹ ಎಂದು ಕೇಳುವವರಲ್ಲ. ಈ ಬರಹವನ್ನೂ ಓದಿ ಒಂದು ಉದ್ದದ ಸರಪಳಿ ಮಾಡುತ್ತಾರೆ. ಅದು ಕತ್ತರಿಸಿ ಹತ್ತು ಪ್ರೋಟೀನಾಗುತ್ತದೆ. ಮೂರು ಹೊಸ ಕಟ್ಟಿನ ಹಲಗೆಗಳು, ಏಳು ಕೆಲಸದಾಳುಗಳು. ಆಳುಗಳಲ್ಲಿ ಒಂದು ಪ್ರತಿ ತೆಗೆಯುವ ಕಿಣ್ವ. ಅದು ಮೊದಲು ಬರಹದ ಅಚ್ಚು ತೆಗೆಯುತ್ತದೆ, ಆ ಅಚ್ಚಿನಿಂದ ಒಂದರ ಮೇಲೊಂದು ಮೂಲದ ಪ್ರತಿ. ಕೋಶದೊಳಗಿನ ಪೊರೆಗಳ ಮೇಲೆ ಹಲಗೆಗೆ ಬರಹ ಸೇರಿ ಹೊಸ ಕಟ್ಟುಗಳು ತಯಾರಾಗಿ ಹೊರಗೆ ಹೋಗುತ್ತವೆ. ಕೋಶ ಸುಸ್ತಾಗಿ ಸಾಯಬಹುದು. ನಮ್ಮ ದೇಹ ಇದನ್ನು ಗುರುತಿಸಿ ತಿರುಗಿ ಬೀಳುವಾಗ ಜ್ವರ, ಮೈಕೈ ನೋವು. ಕೆಲವರಿಗೆ ರಕ್ತಸ್ರಾವ.

ಲಿಪಿಕಾರನ ಕೈ ತಪ್ಪುವ ಹಾಗೆ ಈ ಕಿಣ್ವವೂ ತಪ್ಪುತ್ತದೆ. ಇಂಥ ಆರ್‌ಎನ್‌ಎ ವೈರಸ್ಸುಗಳಲ್ಲಿ ಹತ್ತು ಸಾವಿರದಿಂದ ಲಕ್ಷ ಅಕ್ಷರಕ್ಕೊಂದು ತಪ್ಪು, ತಿದ್ದುವವರಿಲ್ಲ. ಹೆಚ್ಚಿನ ತಪ್ಪು ಪ್ರತಿಗಳು ಕೆಲಸಕ್ಕೆ ಬಾರದೆ ಹೋಗುತ್ತವೆ, ಯಾವುದೋ ಒಂದು ಮೊದಲಿಗಿಂತ ಚೆನ್ನಾಗಿ ಹರಡುತ್ತದೆ. ಕೊರೊನಾ ಕಾಲದಲ್ಲಿ ‘ರೂಪಾಂತರಿ’ ಎಂದು ಕೇಳಿದ್ದು ಇದನ್ನೇ. ವೈರಿ ವೇಷ ಬದಲಿಸಿದ್ದಲ್ಲ, ನಕಲು ತಪ್ಪಿದ್ದು.

ಈ ಹೋಲಿಕೆಗೂ ಮಿತಿ ಇದೆ. ಬಸದಿಯ ಲಿಪಿಕಾರ ಮಾಡಿದ್ದು ಅರಿತು, ಭಕ್ತಿಯಿಂದ. ಕೋಶಕ್ಕೆ ಅರಿವೇ ಇಲ್ಲ. ಆದರೂ ದೊಡ್ಡಮ್ಮನ ಪ್ರಶ್ನೆಗೆ ಇದು ಉತ್ತರ ಕೊಡುತ್ತದೆ, ಕಂಪ್ಯೂಟರ್ ಕೊಡುವುದಿಲ್ಲ. ಬಂಟ್ವಾಳ ತಾಲೂಕಿನ ನಮ್ಮ ತೋಟದಲ್ಲಿ ಅಡಿಕೆಗೆ ಕೊಳೆರೋಗ ಬಂದರೂ ಅಪ್ಪ ಈಚೆಗೆ ‘ವೈರಸ್’ ಅನ್ನುತ್ತಾರೆ. ಕೊಳೆರೋಗ ವೈರಸ್ ಅಲ್ಲ, ಶಿಲೀಂಧ್ರದಂಥ ಜೀವಿಯದು. ಅದಕ್ಕೆ ಸ್ವಂತ ಮೈ ಇದೆ, ಸ್ವಂತ ಅಡುಗೆಮನೆ ಇದೆ. ಹಾಗಾಗಿ ಮೈಲುತುತ್ತು, ಸುಣ್ಣ ಕಲಸಿ ಬೋರ್ಡೋ ಬಿಟ್ಟರೆ ತಡೆಯಬಹುದು. ಬ್ಯಾಕ್ಟೀರಿಯಾಕ್ಕೂ ಸ್ವಂತ ಅಡುಗೆಮನೆ ಇರುವುದರಿಂದ ಆ್ಯಂಟಿಬಯೋಟಿಕ್ ಕೆಲಸ ಮಾಡುತ್ತದೆ. ಆದರೆ ಹಿತ್ತಲಿನ ಬೆಂಡೆಗೆ ಹಳದಿ ನರದ ರೋಗ ಬಂದರೆ ಯಾವ ಮದ್ದು ಬಿಟ್ಟರೂ ಗಿಡ ಸರಿಯಾಗುವುದಿಲ್ಲ. ಅದು ವೈರಸ್. ಗಿಡ ಕಿತ್ತು, ಹರಡುವ ಬಿಳಿ ನೊಣವನ್ನು ತಡೆಯಬೇಕು. ವೈರಸ್ ಅಡುಗೆ ಮಾಡುವುದು ನಮ್ಮ ಒಲೆಯಲ್ಲಿ. ಒಲೆಗೆ ನೀರು ಹೊಯ್ದರೆ ನಮಗೂ ಊಟ ಇಲ್ಲ. ವೈರಸ್ಸಿನದ್ದೇ ಆದ ಆಳುಗಳನ್ನು ಮಾತ್ರ ಹುಡುಕಿ ಹಿಡಿಯುವ ಮದ್ದುಗಳು ಕೆಲವು ರೋಗಗಳಿಗೆ ಬಂದಿವೆ. ಮಂಗನ ಕಾಯಿಲೆಗೆ ಅಂಥದ್ದಿಲ್ಲ, ಮೈಗೆ ಆಸರೆ ಕೊಡುವ ಚಿಕಿತ್ಸೆ ಮಾತ್ರ. ವರ್ಷಗಟ್ಟಲೆ ಹಾಕುತ್ತಿದ್ದ ಹಳೆಯ ಲಸಿಕೆಯನ್ನು ರಕ್ಷಣೆ ಸಾಲದೆಂದು ಈಚಿನ ವರ್ಷಗಳಲ್ಲಿ ನಿಲ್ಲಿಸಿದ್ದಾರೆ, ಹೊಸದರ ಕೆಲಸ ನಡೆಯುತ್ತಿದೆ. ಅಲ್ಲಿಯವರೆಗೆ ಉಣ್ಣೆ ಕಚ್ಚದ ಹಾಗೆ ನೋಡಿಕೊಳ್ಳುವುದೇ ದೊಡ್ಡ ಮದ್ದು. ಅದಕ್ಕೇ ಆ ಕರಪತ್ರದ ಮೇಲೆ ನನಗೆ ಇಷ್ಟು ಸಿಟ್ಟು. ಇದ್ದ ಒಂದೇ ಮದ್ದನ್ನು ಐದನೇ ಸಾಲಿನಲ್ಲಿ ಬಚ್ಚಿಟ್ಟಿದೆ.

ಇನ್ನೊಂದು ಮಾತು. ಬೆಳ್ತಂಗಡಿಗೆ ಈ ಜ್ವರ 1982ರ ಕೊನೆಗೆ ಬಂದದ್ದು ಸುಮ್ಮನೆ ಅಲ್ಲ. ಪಟ್ರಮೆ ಕಡೆ ಗೇರು ತೋಟಕ್ಕಾಗಿ ನೂರಾರು ಎಕರೆ ಕಾಡು ಕಡಿದ ಬೆನ್ನಿಗೆ ಅದು ಎದ್ದಿತು. ಸಾವಿರಕ್ಕೂ ಹೆಚ್ಚು ಜನ ಮಲಗಿದರು. ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರಲ್ಲಿ ಇದರ ಬಗ್ಗೆ ಬರೆದ ಲೇಖನದ ಶೀರ್ಷಿಕೆಯಲ್ಲಿಯೇ ಇದನ್ನು ಅಭಿವೃದ್ಧಿಯ ರೋಗ ಎಂದು ಕರೆದರು. ದೊಡ್ಡಮ್ಮ ಹೇಳುವ ಪ್ರಕಾರ ಆಗ ಊರಿನವರು ಭೂತದ ಕೋಪ ಎಂದುಕೊಂಡಿದ್ದರು, ಕಾಡಿನ ನೆಲೆ ಕೆಡಿಸಿದ್ದಕ್ಕೆ. ನಾನು ಕಾಲೇಜಿನಲ್ಲಿದ್ದಾಗ ಇದನ್ನು ಕೇಳಿ ನಕ್ಕಿದ್ದೆ. ಈಗ ನಗುವುದಿಲ್ಲ. ಭೂತವನ್ನು ನಾನು ಒಪ್ಪುತ್ತೇನೆ ಎಂದಲ್ಲ. ಆದರೆ ‘ಕಾಡಿಗೆ ನಾವು ಮಾಡಿದ್ದಕ್ಕೂ ಜ್ವರಕ್ಕೂ ಸಂಬಂಧ ಇದೆ’ ಎಂಬ ಅರ್ಧ ಸತ್ಯ ಅವರ ಮಾತಿನಲ್ಲಿತ್ತು. ‘ಮಂಗನ ಕಾಯಿಲೆ’ ಎಂಬ ಹೆಸರಿನಲ್ಲಿ ಅದೂ ಇಲ್ಲ.

ಹಾಗಾಗಿ ಮೊನ್ನೆ ಊರಿಗೆ ಹೋದಾಗ ಕಂಪ್ಯೂಟರ್ ಬಿಟ್ಟೆ. ತಾಳೆಗರಿಯನ್ನೂ ತೆಗೆಯಲಿಲ್ಲ, ಅದು ನಮ್ಮಂಥವರಿಗೆ. ಹಟ್ಟಿಯ ದನದ ಕಿವಿಯಿಂದ ಒಂದು ಉಣ್ಣೆ ಕಿತ್ತು ತೋರಿಸಿದೆ.

“ದೊಡ್ಡಪ್ಪನಿಗೆ ಜ್ವರ ಬಂದದ್ದು ಮಂಗನಿಂದ ಅಲ್ಲ ದೊಡ್ಡಮ್ಮ. ಇದರ ಜಾತಿಯದ್ದರಿಂದ. ಕಾಡಿನ ಎಲೆಯಲ್ಲಿ ಇದರ ಮರಿಗಳಿರುತ್ತವೆ. ಮಂಗಕ್ಕೂ ಇದೇ ಕಚ್ಚಿ ಸಾಯುವುದು.”

ಅವರು ತುಂಬ ಹೊತ್ತು ಅದನ್ನೇ ನೋಡಿದರು.

“ಮಂಗವೂ ಸಾಯುವುದಾ?”

“ಹೌದು. ಸತ್ತದ್ದು ಕಂಡರೆ ಹತ್ತಿರ ಹೋಗಬೇಡಿ. ಆಸ್ಪತ್ರೆಯವರಿಗೆ ಫೋನ್ ಮಾಡಿಸಿ.”

“ಅವರು ದಿನಾ ಸೊಪ್ಪಿಗೆ ಹೋಗುತ್ತಿದ್ದರು” ಅಂದರು. ದೊಡ್ಡಪ್ಪನ ಬಗ್ಗೆ. ಆಮೇಲೆ, “ಇದನ್ನು ಆಗಲೇ ಹೇಳಬಾರದಿತ್ತಾ ಯಾರಾದರೂ?”

ನನಗೆ ಉತ್ತರ ಗೊತ್ತಿರಲಿಲ್ಲ. ಕರಪತ್ರದ ಹಿಂಬದಿಯಲ್ಲಿ ದಪ್ಪ ಮಾರ್ಕರಿನಿಂದ ದೊಡ್ಡದೊಂದು ಉಣ್ಣೆಯ ಚಿತ್ರ ಬರೆದು, ಮೇಲೆ ‘ಉಣ್ಣೆ ಜ್ವರ’ ಎಂದು ಬರೆದೆ. ಕೆಳಗೆ ಮೂರೇ ಸಾಲು: ಎಲೆಯ ಮೇಲೆ ಕೂರಬಾರದು. ಕಾಡಿಗೆ ಹೋಗುವಾಗ ಮೈ ಮುಚ್ಚಿ, ಆಸ್ಪತ್ರೆಯಲ್ಲಿ ಕೊಡುವ ಎಣ್ಣೆ ಹಚ್ಚಿಕೊಳ್ಳಬೇಕು. ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ, ಬಟ್ಟೆ ಬೇರೆ. ತಿರುಗಿಸಿ ಅದೇ ಗೋಡೆಗೆ ಅಂಟಿಸಿದೆ.

ಮರುದಿನ ಬೆಳಿಗ್ಗೆ ತೋಟಕ್ಕೆ ಮಂಗಗಳು ಬಂದವು. ದೊಡ್ಡಮ್ಮ ಕಲ್ಲು ಹೊಡೆದೇ ಓಡಿಸಿದರು. ಬಾಳೆಗೊನೆ ಉಳಿಯಬೇಕಲ್ಲ. ಆದರೆ ಕುಮ್ಕಿಗೆ ಹೊರಡುವಾಗ ನನ್ನ ಹಳೆಯ ಪ್ಯಾಂಟು ಕೇಳಿ ಹಾಕಿಕೊಂಡರು.